ಹಳೇ ಹುಬ್ಬಳ್ಳಿಯ ನಲವತ್ತು ಪೌಂಡು ಕಾಫಿ

ಧಾರವಾಡದ ಅಂಬಾಬಾಯಿಗೆ ಚಿಕ್ಕಂದಿನಿಂದಲೂ ಒಂದೇ ಬೈಗುಳ: "ಎಷ್ಟ್ ಕೇಳ್ತೀ?" ಅಂಚೆಯವನು ನಿನ್ನೆ ಬಂದ ಓಣಿ ಬಿಟ್ಟು ಇವತ್ತು ಬೇರೆ ಓಣಿಯಿಂದ ಬಂದರೆ ಯಾಕೆ, ಎದುರು ಮನೆಯವರು ಬಾವಿ ಹಗ್ಗ ಬದಲಿಸಿದರೆ ಯಾಕೆ ಎಂದು ಅವಳಿಗೆ ತಿಳಿಯಲೇಬೇಕು. ತವರಿನಲ್ಲಿ ತಾಯಿ ಬೈದಳು, ಅತ್ತೆಮನೆಯಲ್ಲಿ ಅತ್ತೆ ಬೈದಳು. ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಲು ನಿಂತಾಗ ಮಾತ್ರ ಆ ಚಟಕ್ಕೊಂದು ಮರ್ಯಾದೆ ಬಂದಿತ್ತು. ಸಾಲೆಯನ್ನೂ ಬಿಟ್ಟು ಎರಡು ವರ್ಷವಾಗಿತ್ತು.

ಅದು ೧೯೩೮ನೇ ಇಸವಿ. ಒಂದು ದಿನ ಅವಳ ತಂಗಿಯ ಮಗ ರಮಾಕಾಂತ ಬಂದು ಪಡಸಾಲೆಯಲ್ಲಿ ಕೂತ. ಅವನು ಚಿಕ್ಕಮಗಳೂರ ಕಡೆಯ ಮೇಘಾದ್ರಿ ಕಾಫಿ ಕಂಪನಿಯ ಏಜಂಟನಾಗಿದ್ದ. ಈ ಊರುಗಳೆಲ್ಲ ಚಹಾದ ಊರುಗಳು. ಕಂಪನಿ ಅವನಿಗೆ ಬಣ್ಣದ ಪಟಗಳನ್ನು ಕಳಿಸಿತ್ತು. ಪಟದಲ್ಲಿ ಒಬ್ಬ ಸಾಹೇಬ, ಒಬ್ಬಳು ಮೇಡಂ, ಇಬ್ಬರ ಕೈಯಲ್ಲೂ ಕಾಫಿಯ ಬಿಳಿ ಕಪ್. ರಮಾಕಾಂತ ಅವನ್ನು ಅಂಗಡಿ ಅಂಗಡಿಗೆ ಅಂಟಿಸಿದ್ದ. ಜನ ಪಟ ನೋಡಿ ಮುಂದಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು.

"ಮಾವಶಿ, ಒಂದು ವಿಚಿತ್ರ ಆಗ್ಯದ," ಎಂದ ರಮಾಕಾಂತ. "ಧಾರವಾಡದಾಗ ತಿಂಗಳಿಗೆ ಆರು ಪೌಂಡು ಪುಡಿ ಖರ್ಚಾದ್ರ ಹೆಚ್ಚು. ಹಳೇ ಹುಬ್ಬಳ್ಳಿ ಸಿದ್ದಪ್ಪನ ಅಂಗಡಿ ಒಂದರಾಗ ನಲವತ್ತು ಪೌಂಡು! ಯಾಕಂತ ತಿಳಕೊಂಡು ಬರಿ ಅಂತ ಕಂಪನಿ ಕಾಗದ ಬರದದ."

"ರೇಲ್ವೆ ಕಾರಖಾನಿ ಮದ್ರಾಸಿ ಮಂದಿ ಒಯ್ತಿರಬೇಕು."

"ಅವರು ಬೀಜ ತರಿಸಿ ಮನ್ಯಾಗ ಹುರ್ಕೋತಾರ. ಸಿದ್ದಪ್ಪನ ಕೇಳಿದೆ. ಪೂರಾ ಪುಡಿ ಒಂದ ಮನಿಗೆ ಹೋಗ್ತದಂತ. ಟಾಂಗಾ ಹೊಡಿಯೋ ಅಬ್ದುಲಮಜೀದ ಒಯ್ತಾನ, ಅವನ ಅಕ್ಕ ಶಹಜಹಾನಬೇಗಂ ಅನ್ನಾಕಿಗೆ. ಪರದಾದ ಮನಿ. ನಾ ಬಾಗಲಾಗ ನಿಂತು ಬಂದೆ. ಏನೂ ತಿಳೀಲಿಲ್ಲ."

ಅಂಬಾಬಾಯಿ ಅಷ್ಟರಲ್ಲೇ ಎದ್ದು ಚೀಲ ಹುಡುಕುತ್ತಿದ್ದಳು.

ಮರುದಿನ ಮೊದಲ ಗಾಡಿಗೆ ಹುಬ್ಬಳ್ಳಿಯಲ್ಲಿಳಿದು, ಅಬ್ದುಲಮಜೀದನ ಟಾಂಗಾದಲ್ಲೇ ಅವಳು ಆ ಓಣಿಗೆ ಹೋದಳು. ಓಣಿಯ ತಿರುವಿನಲ್ಲೇ ಮೂಗಿಗೆ ಏನೋ ಬಡಿಯಿತು. ಸುಟ್ಟ ವಾಸನೆಯಲ್ಲ, ಹುರಿದ ವಾಸನೆಯೂ ಅಲ್ಲ. ಎರಡರ ನಡುವಿನದು, ಹೊಟ್ಟೆಯವರೆಗೂ ಇಳಿಯುವಂಥದು. ಅದನ್ನೇ ಹಿಡಿದು ಹೋದರೆ ಒಂದು ಹಿತ್ತಲ ಬಾಗಿಲು. ಬಾಗಿಲ ಹೊರಗೆ ಹೆಂಗಸರ ಸಾಲು, ಪ್ರತಿಯೊಬ್ಬರ ಕೈಯಲ್ಲೂ ಅವರವರ ತಂಬಿಗೆ. ಎಲ್ಲರೂ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಾರಖಾನೆಗೆ ಕೆಲಸಕ್ಕೆ ಹೋಗುವವರು. ಸೆರಗಿನಲ್ಲಿ, ಕೂದಲಿನಲ್ಲಿ ನಿನ್ನೆಯ ಅರಳೆಯ ಎಳೆಗಳು ಇನ್ನೂ ಇದ್ದವು.

ಒಳಗೆ, ದೊಡ್ಡ ತಾಮ್ರದ ಹಂಡೆಯ ಮುಂದೆ ನಲವತ್ತರ ಆಸುಪಾಸಿನ ಎತ್ತರದ ಹೆಂಗಸು ಕೂತು ಸೌಟಿನಿಂದ ಕರ್ರಗಿನ ಕಾಫಿ ಹೊಯ್ಯುತ್ತಿದ್ದಳು. ಅಂಬಾಬಾಯಿ ತಾನು ಯಾರು, ಯಾಕೆ ಬಂದೆ ಎಂಬುದನ್ನು ಮುಚ್ಚಿಡದೆ ಹೇಳಿದಳು.

"ಕಂಪನಿಯವ್ರು ಕೇಳಾಕ ಕಳಿಸ್ಯಾರಾ?" ಶಹಜಹಾನಬೇಗಂ ನಕ್ಕಳು. "ಕೇಳ್ರಿ ಬಾಯಾರ. ಕೈ ನಿಲ್ಲಂಗಿಲ್ಲ, ಬಾಯಿ ಖಾಲಿ ಐತಿ."

ಅಂಬಾಬಾಯಿ ಕೇಳಿದಳು. ಕಾಫಿ ಎಲ್ಲಿ ಕಲಿತಿರಿ? ಗಂಡ ಘಟ್ಟದ ತೋಟವೊಂದರಲ್ಲಿ ಅಡಿಗೆಯವನಾಗಿದ್ದ. ಅವನು ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದೆ, ಆ ರುಚಿಯೂ ಜೊತೆಗೆ ಬಂತು. ಹಾಲಿಲ್ಲವೇಕೆ? ಹಾಲು ತುಟ್ಟಿ, ಬೆಲ್ಲ ಹಾಕಿದರೆ ಒಡೆಯುವುದು ಬೇರೆ. ಹಾಗಾದರೆ ಬೆಲ್ಲದ ಚಹಾನೇ ಮಾಡಬಹುದಿತ್ತಲ್ಲ?

"ಇವ್ರೆಲ್ಲಾ ಒಂದ ಹೊತ್ತಿಗೆ ಬರೂದಿಲ್ರಿ," ಎಂದಳು ಬೇಗಂ. "ಚಾ ಕೆಂಡದ ಮ್ಯಾಲ ತಾಸು ಕುಂತ್ರ ಒಗರಾಗತೈತಿ. ಇದು ಕುಂತ್ರೂ ಕೆಡೂದಿಲ್ಲ. ಒಣಶುಂಠಿ ಜಜ್ಜಿ ಹಾಕಿರ್ತೇನಿ."

ಸಾಲಿನಲ್ಲಿದ್ದ ದಾನವ್ವ ಎಂಬವಳು ಬಾಯಿ ಹಾಕಿದಳು. "ದಿನಾ ಜಿನ್ನಿನಾಗ ಅರಳಿ ನುಂಗತೇವ್ರಿ ಯವ್ವಾ. ಇದೊಂದು ತಂಬಗಿ ಕುಡದ್ರ ಗಂಟಲಾ ತೊಳದಂಗ ಆಗತೈತಿ."

ಮಾತಿನ ನಡುವೆ ಬೇಗಂ ಒಂದು ಚಮಚ ಪುಡಿ ತೆಗೆದು ಪಕ್ಕದ ಒಲೆಯ ಕಾದ ಹೆಂಚಿನ ಮೇಲೆ ಉದುರಿಸಿದಳು. ಚುರುಕ್ಕೆಂದು ಹೊಗೆಯೆದ್ದು ಬಾಗಿಲಾಚೆ ಓಣಿಗೆ ಹರಿಯಿತು.

"ಅಯ್ಯ, ಪುಡಿ ಯಾಕ ಸುಡ್ತೀರಿ?"

"ಅಂಗಡಿಗೆ ಬೋರ್ಡು ಬೇಕಲ್ರಿ? ಇವ್ರಿಗೆ ಓದಾಕ ಬರೂದಿಲ್ಲ. ಮೂಗು ಎಲ್ಲಾರಿಗೂ ಐತಿ."

ರಮಾಕಾಂತ ಊರ ತುಂಬ ಅಂಟಿಸಿದ ಪಟಗಳು ಅಂಬಾಬಾಯಿಯ ಕಣ್ಣ ಮುಂದೆ ಬಂದವು.

ಹೊರಡುವಾಗ ಬೇಗಂ ತಾನಾಗಿ ಕುಡಿಯಿರಿ ಎನ್ನಲಿಲ್ಲ. ಮಡಿಯ ಮನೆಯ ವಿಧವೆ ತನ್ನ ಒಲೆಯದನ್ನು ಕುಡಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದಿಷ್ಟು ಪುಡಿ ಕಾಗದದಲ್ಲಿ ಕಟ್ಟಿ ಕೊಟ್ಟಳು. ಅಂಬಾಬಾಯಿ ಮನೆಯಲ್ಲಿ ಮಾಡಿ ನೋಡಿದಳು. ಕಹಿ ಕಹಿ. ಮತ್ತೊಮ್ಮೆ ಅರಿವೆಯಲ್ಲಿ ಸೋಸಿ ಮಾಡಿದಳು, ತಳಕ್ಕೆಲ್ಲ ಕೆಸರು ಕೂತಿತು. ಕುಡಿಯದೆ ಅದರ ಸುದ್ದಿ ಬರೆಯುವುದು ಹೇಗೆ? ರಾತ್ರಿಯಿಡೀ ತನ್ನೊಡನೆ ತಾನೇ ವಾದಿಸಿ, ಬೆಳಗಾಗುತ್ತಲೇ ಹಿತ್ತಾಳೆಯ ಲೋಟವೊಂದನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಹುಬ್ಬಳ್ಳಿಗೆ ಹೋದಳು. ಸಾಲಿನಲ್ಲಿ ದಾನವ್ವನ ಹಿಂದೆ ನಿಂತಳು. ಬೇಗಂ ಅವಳ ಮುಖ ನೋಡಿದಳು, ಲೋಟ ನೋಡಿದಳು, ಸೌಟೆತ್ತಿ ತುಂಬಿಸಿದಳು. ಅಂಬಾಬಾಯಿ ಲೋಟ ಎತ್ತಿ ಬಾಯಿಗೆ ಹೊಯ್ದುಕೊಂಡಳು. ಮೊದಲು ಬೆಲ್ಲ, ಆಮೇಲೆ ಕಹಿ, ಕಡೆಗೆ ಶುಂಠಿ ಗಂಟಲಲ್ಲಿ ಸಣ್ಣಗೆ ಉರಿಯಿತು. ಇಷ್ಟು ದೊಡ್ಡ ಪಾಪ ಇಷ್ಟು ರುಚಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ಬರೆದ ಆರು ಹಾಳೆಗಳನ್ನು ರಮಾಕಾಂತ ಕಂಪನಿಗೆ ಕಳಿಸಿದ. ಹದಿನೈದು ದಿನದೊಳಗೆ ಮ್ಯಾನೇಜರ್ ಸಾಹೇಬರೇ ರೈಲಿನಲ್ಲಿ ಬಂದಿಳಿದರು. ಅವರಿಗೆ ಹಾಳೆಗಳಲ್ಲಿ ಒಂದೇ ಸಂಗತಿ ಹಿಡಿಸಿತ್ತು: ಜಿನ್ನಿನ ಹೆಂಗಸರು ಕಾಫಿ ಕುಡಿಯುತ್ತಾರೆ.

"ಬೆಲ್ಲ, ಶುಂಠಿ ಹಾಕಿದ್ದು ಕಷಾಯ ಕಣಮ್ಮ, ಕಾಫಿಯಲ್ಲ," ಎಂದರು. "ಜಿನ್ನಿನ ಬಾಗಿಲಲ್ಲೇ ನಮ್ಮ ಗಾಡಿ ನಿಲ್ಲಿಸೋಣ. ಹಾಲು ಸಕ್ಕರೆ ಹಾಕಿದ ಒಳ್ಳೆ ಕಾಫಿ. ಹದಿನೈದು ದಿವಸ ಬಿಟ್ಟಿ. ಆಮೇಲೆ ದುಡ್ಡಿಗೆ."

ಕೇಳುವುದು ತಪ್ಪಲ್ಲವೆಂದು ಅಂಬಾಬಾಯಿ ಜೀವಮಾನವಿಡೀ ವಾದಿಸಿದ್ದಳು. ಕೇಳಿದ್ದನ್ನು ಯಾರ ಕೈಗೆ ಕೊಡುತ್ತಿದ್ದೇನೆಂದು ಯೋಚಿಸಿರಲಿಲ್ಲ. ಆ ಸಂಜೆಯೇ ಹೋಗಿ ಬೇಗಂಗೆ ಎಲ್ಲವನ್ನೂ ಹೇಳಿದಳು.

"ನನ್ನಿಂದ ನಿಮ್ಮ ಹೊಟ್ಟಿ ಮ್ಯಾಲೆ ಕಲ್ಲು ಬಿತ್ತು, ಬೇಗಂಸಾಹೇಬ್ರ."

ಬೇಗಂ ಹಂಡೆಯಲ್ಲಿ ಸೌಟು ತಿರುವಿದಳು. "ಎಷ್ಟು ದಿನಾ ಪುಕಟ ಅಂದ್ರಿ?"

"ಹದಿನೈದು."

"ಹಂಗಾರ ನಾ ಒಲಿ ಆರಿಸಿ ವಿಜಾಪುರಕ್ಕ ನಮ್ಮ ಖಾಲಾ, ಅವ್ವನ ತಂಗಿ ಮನಿಗೆ ಹೋಗಿ ಬರ್ತೇನಿ. ಭಾಳ ದಿನಾ ಆತು ಕರ್ಯಾಕ ಹತ್ತಿ."

"ಅಯ್ಯ! ಅಷ್ಟರಾಗ ಎಲ್ಲಾರೂ ಅಲ್ಲಿಗೆ ಹೊಂದಿಬಿಡ್ತಾರಲ್ಲ?"

"ಹೊಂದಲಿ ಬಿಡ್ರಿ. ನೂರೈವತ್ತು ಮಂದಿಗೆ ಈ ರುಚಿ ಹಚ್ಚಾಕ ನನಗ ಎರಡು ವರ್ಷ ಹಿಡೀತು. ಅವ್ರು ಹದಿನೈದು ದಿನದಾಗ ಐದನೂರು ಮಂದಿಗೆ ಹಚ್ಚತಾರ. ಪುಕಟ ಕೊಡೋರ ಎದುರು ಅಂಗಡಿ ಇಟ್ರ ಸೋಲೂದ. ಆದ್ರ ಅವ್ರು ಎಷ್ಟು ದಿನಾ ಪುಕಟ ಕೊಟ್ಟಾರು?"

ಅಂಬಾಬಾಯಿಗೆ ನಂಬಿಕೆ ಬರಲಿಲ್ಲ. ಹದಿನೈದು ದಿನವೂ ಒಂದಿಲ್ಲೊಂದು ನೆಪ ಮಾಡಿ ಜಿನ್ನಿನ ಬಾಗಿಲಿಗೆ ಹೋಗಿ ನೋಡಿದಳು. ಗಾಡಿಯ ಸುತ್ತ ಜಾತ್ರೆ. ಜಿನ್ನಿನವರಷ್ಟೇ ಅಲ್ಲ, ಹಮಾಲರು, ಚಕ್ಕಡಿಯವರು, ಅವರ ಹೆಂಡಿರು ಮಕ್ಕಳು. ಹದಿನಾರನೆಯ ದಿನ ಗಾಡಿಯವನು ದುಡ್ಡು ಕೇಳಿದ. ಸಾಲು ಕರಗಿತು. ಅದೇ ದಿನ ಬೇಗಂ ವಿಜಾಪುರದಿಂದ ಬಂದು ಹೆಂಚು ಕಾಯಿಸಿದಳು.

"ಗಾಡೀದು ಹಬ್ಬದ ಕಾಫಿ ರೀ," ಎಂದಳು ದಾನವ್ವ, ಹೊಸ ಮುಖಗಳನ್ನು ಸಾಲಿಗೆ ಎಳೆಯುತ್ತ. "ದುಡಿಯೋರಿಗೆ ಇದ ಬೇಕು."

ಮುಂದಿನ ತಿಂಗಳು ಸಿದ್ದಪ್ಪನ ಅಂಗಡಿ ತೊಂಬತ್ತು ಪೌಂಡು ತರಿಸಿತು. ಗಾಡಿಯಿಂದಲೇ ಈ ಜಯ ಎಂದು ಮ್ಯಾನೇಜರರು ಕಾಗದ ಬರೆದರು. ಗದಗಿಗೂ ಒಂದು ಗಾಡಿ ಹೊರಡಿಸಿದರು.

"ಮಾವಶಿ, ಸುಮ್ಮನಿರು," ಎಂದು ರಮಾಕಾಂತ ಅಂಗಲಾಚಿದ. "ಅವರು ಖುಷಿ ಇದ್ದಾರ, ನನಗೂ ಛಲೋ ಆಗ್ಯದ."

"ಯಾಕಂತ ಕೇಳಿದ್ದು ಅವರು. ಅರ್ಧಾ ಹೇಳಿ ಬಿಟ್ರ ನನಗ ನಿದ್ದಿ ಬರೂದಿಲ್ಲ."

ಈ ಸಲ, ಆ ತೊಂಬತ್ತು ಪೌಂಡು ನಿಜಕ್ಕೂ ಯಾರ ಒಲೆಗೆ ಹೋಯಿತೆಂದು ಬರೆಯುವ ಮೊದಲು, ಅವಳು ಬೇಗಂನ ಒಪ್ಪಿಗೆ ಕೇಳಿದಳು. ಬೇಗಂ "ಬರೀರಿ, ನಾ ಬ್ಯಾರೆ ಒಂದು ಹೇಳೂದೈತಿ, ಅವ್ರನ್ನ ಕರಸ್ರಿ" ಎಂದಳು. ಕಾಗದಕ್ಕೆ ಉತ್ತರ ಬರಲಿಲ್ಲ. ಗದಗಿನಲ್ಲಿ ಹದಿನೈದು ದಿನ ಕಳೆದ ಮೇಲೆ ಒಬ್ಬರೂ ಪುಡಿ ಕೊಳ್ಳಲಿಲ್ಲ ಎಂದು ಗೊತ್ತಾದಾಗ ಮಾತ್ರ ಮ್ಯಾನೇಜರರು ಮತ್ತೆ ರೈಲು ಹತ್ತಿದರು.

ಬೇಗಂನ ಮನೆಯ ಕಟ್ಟೆಯ ಮೇಲೆ ಅವರು, ಪರದೆಯ ಹಿಂದೆ ಅವಳು, ನಡುವೆ ಅಂಬಾಬಾಯಿ. ಹೊಸ ಗಾಡಿಗೆ ನಿಮ್ಮ ಹೆಸರೇ ಹಾಕುತ್ತೇವೆ ಎಂದರು ಮ್ಯಾನೇಜರರು.

"ಹೆಸರು ಬ್ಯಾಡ್ರಿ," ಎಂದಿತು ಪರದೆಯ ಹಿಂದಿನ ದನಿ. "ನಿಮ್ಮ ಪುಡಿ ಭಾಳ ಸಣ್ಣ. ಅರಿವ್ಯಾಗ ಸೋಸಿದ್ರ ಇಳದು ತಳಕ್ಕ ಕೆಸರು ಕುಂಡರತೈತಿ. ನನ್ನ ಹಂಡೇದಾಗ ತಾಸು ಕುಂತು ತಿಳಿಯಾಗತೈತಿ, ಮನಿ ತಂಬಗ್ಯಾಗ ಆಗೂದಿಲ್ಲ. ನಮ್ಮ ಕಡೆ ಎಲ್ಲಾರೂ ಅರಿವ್ಯಾಗ ಸೋಸತಾರ. ದಪ್ಪ ಬೀಸಿ ಕಳಸ್ರಿ. ಮನ್ಯಾಗ ಮಾಡಾಕ ಬಂದ್ರ ಅಲ್ಲೇನ್ರಿ ಮಂದಿ ಪುಡಿ ಕೊಳ್ಳೂದು?"

ಮ್ಯಾನೇಜರರು ಪುಸ್ತಕ ತೆಗೆದು ಬರೆದುಕೊಂಡರು. ಅಂಬಾಬಾಯಿಗೆ ತನ್ನ ಮನೆಯ ಆ ಎರಡನೆಯ ಸಲದ ಕಾಫಿ ಯಾಕೆ ಕೆಟ್ಟಿತೆಂದು ಆಗ ಹೊಳೆಯಿತು.

ದಪ್ಪ ಬೀಸಿದ ಹೊಸ ಪುಡಿ ಬಂದ ದಿನ ಬೇಗಂ ಹೇಳಿಕಳಿಸುವವರೆಗೂ ಅಂಬಾಬಾಯಿ ಕಾಯಲಿಲ್ಲ, ತಾನೇ ಹೋದಳು. ಬೇಗಂ ಅರಿವೆಯಲ್ಲಿ ಸೋಸಿ, ಪಾತ್ರೆಯನ್ನು ಮೆಲ್ಲಗೆ ಬಗ್ಗಿಸಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಒಳಗೆ ಇಣುಕಿದರು. ತಳ ಸ್ವಚ್ಛವಾಗಿತ್ತು.