ಕಡಲುಗಳ್ಳರ ಐದನೆಯ ಕಟ್ಟಳೆ

ಕಾಮಗೆರೆಯ ಗುರುಸಿದ್ದಯ್ಯ ಮೇಷ್ಟ್ರು ಕಡಲನ್ನು ಕಣ್ಣಿಂದ ಕಂಡವನಲ್ಲ. ಧನಗೆರೆಯ ಸೋದರಮಾವನ ಮನೆಗೆ ಹೋದಾಗ ನೋಡಿದ ಕಾವೇರಿಯೇ ಅವನ ಪಾಲಿಗೆ ದೊಡ್ಡ ನೀರು. ಆದರೂ ಮೈಸೂರಿನ ವಾರಪತ್ರಿಕೆಯೊಂದರಲ್ಲಿ ಅವನ ಕಡಲುಗಳ್ಳರ ಕಾದಂಬರಿ ಧಾರಾವಾಹಿಯಾಗಿ ಬರುತ್ತಿತ್ತು. ಕಳ್ಳರಾದರೇನು, ಅವರಿಗೂ ನೀತಿ ನೇಮ ಬೇಡವೇ ಎಂದು ಹಡಗಿಗೊಂದಿಷ್ಟು ಕಟ್ಟಳೆ ಬರೆದಿದ್ದ. ಜೊತೆಗಾರನಿಂದ ಕದಿಯಬಾರದು, ಗಾಯಗೊಂಡವನನ್ನು ದಡದಲ್ಲಿ ಬಿಟ್ಟು ಓಡಬಾರದು, ಹೀಗೆ. ಊರಿನ ಕಳ್ಳರಿಗೆ ಅದರಲ್ಲಿ ಅರ್ಧ ಮರ್ಯಾದೆ ಇದ್ದಿದ್ದರೂ ನಮ್ಮ ಕೋಳಿಗಳು ಗೂಡಿನಲ್ಲಿ ಉಳಿಯುತ್ತಿದ್ದವು.

ಓದಲು ಬಾರದ ಅತ್ತಿಗೆ ಪುಟ್ಟಗೌರಮ್ಮ ಪ್ರತಿ ಕಂತನ್ನೂ ಅವನಿಂದ ಓದಿಸಿ ಕೇಳುತ್ತಿದ್ದಳು. ಅವಳ ಗಂಡ, ಅಂದರೆ ಮೇಷ್ಟ್ರ ಅಣ್ಣ ಚಿಕ್ಕಸಿದ್ದಯ್ಯ, ಬೊಂಬಾಯಿಯಲ್ಲಿ ಸರಕಿನ ಹಡಗು ಹತ್ತಿದ್ದ. ಕಡಲ ಕಥೆ ಕೇಳಿದರೆ ಗಂಡನ ಹತ್ತಿರ ಹೋಗಿ ಬಂದಂತಾಗುತ್ತದೆ ಎನ್ನುತ್ತಿದ್ದಳು.

ಅರವತ್ತೇಳರ ಬೇಸಗೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಅಣ್ಣ ಹಡಗಿನಲ್ಲೇ ಜ್ವರ ಬಂದು ತೀರಿಹೋಗಿದ್ದ. ಹೆಣವನ್ನು ಕಡಲಿಗೇ ಬಿಟ್ಟಿದ್ದರು.

"ಏನಂತೆ ಮೈದ?" ಎಂದು ಅತ್ತಿಗೆ ಒರಳಿನ ಮುಂದಿನಿಂದಲೇ ನಗುತ್ತಾ ಕೇಳಿದಳು.

"ಹಡಗು ದೂರ ದೇಸಕ್ಕೆ ಓಯ್ತದಂತೆ ಅತ್ತಿಗೆ. ಇನ್ಮೇಲೆ ಕಾಗದ ಬರದು ತಡ."

ನಾಳೆ ಹೇಳೋಣ ಎಂದುಕೊಂಡ. ನಾಳೆ ಬಂದಾಗ ನಾಡಿದ್ದು ಎಂದುಕೊಂಡ. ಹೇಡಿಗೆ ನೆಪಗಳಿಗೇನು ಬರ! ಬಾಯಲ್ಲಿ ಹೇಳಲಾಗದ್ದನ್ನು ಆ ವಾರದ ಕಂತಿನಲ್ಲಿ ಐದನೆಯ ಕಟ್ಟಳೆಯಾಗಿ ಬರೆದುಬಿಟ್ಟ: ಬಲ್ಲವನೊಬ್ಬ ಬಾಯಿಬಿಟ್ಟು ಹೇಳುವ ತನಕ ಜೊತೆಗಾರ ಸತ್ತಂತಲ್ಲ, ಅಲ್ಲಿಯ ತನಕ ಅವನ ಪಾಲಿನ ಅನ್ನವನ್ನು ದಿನವೂ ಎತ್ತಿಡಬೇಕು.

ಮರುದಿನದಿಂದಲೇ ಪುಟ್ಟಗೌರಮ್ಮ ಗಂಡನ ಪಾಲಿನ ಮುದ್ದೆಯನ್ನು ಬಟ್ಟಲಿನಲ್ಲಿ ನೆಲುವಿನ ಮೇಲೆ ಎತ್ತಿಡತೊಡಗಿದಳು. "ಕಳ್ರೇ ಅಷ್ಟು ನೇಮವಾಗವ್ರೆ. ನಾನು ಎಂಡ್ತಿ ಅಲ್ವ?" ಎಂದಳು.

ಒಂದೂವರೆ ವರ್ಷ ಹೀಗೇ ಕಳೆಯಿತು. ಹಿರಿಯರ ಹಬ್ಬ ಬಂದಾಗ ತಾನು ಹೇಳಬೇಕಾದ್ದನ್ನು ಸೋದರಮಾವ ದೊಡ್ಡಮಾದಪ್ಪನ ಬಾಯಲ್ಲಿ ಹೇಳಿಸಿದರಾಯಿತು ಎಂದುಕೊಂಡ. ಕಾಗದದ ಸುದ್ದಿಯನ್ನು ಮಾವನಿಗೂ ತಿಳಿಸದೆ, ಅಣ್ಣನಿಗೂ ಎಡೆ ಇಡಿಸು ಎಂದಷ್ಟೇ ಹೇಳಿದ.

"ಸುದ್ದಿ ಇಲ್ಲ, ಸುಳಿವಿಲ್ಲ. ಅವನಿಗೂ ಒಂದು ಎಡೆ ಇಕ್ಬುಡವ್ವ," ಎಂದ ದೊಡ್ಡಮಾದಪ್ಪ.

ಪುಟ್ಟಗೌರಮ್ಮ ಸೌಟು ಕೆಳಗಿಟ್ಟಳು. "ಬದುಕಿರೋರ್ಗೆ ಎಡೆ ಇಕ್ದಾರಾ? ಸತ್ತವ್ರೆ ಅಂತ ಯಾರೇಳಿದ್ರು? ಮೈದನ ಪುಸ್ತಕದಲ್ಲೇ ಅದಲ್ಲ, ಕೇಳಿ."

"ಅದು ಕಥೆ ಅತ್ತಿಗೆ, ನಾನೇ ಕಟ್ಟಿದ್ದು," ಎಂದ ಗುರುಸಿದ್ದಯ್ಯ. ದನಿ ಅವನಿಗೇ ಕೇಳಿಸಲಿಲ್ಲ.

"ಎಲೆ ಹಾಕದು ಹಾಕವ್ವ," ಎಂದ ಮುದುಕ. "ಮುಟ್ಟದೆ ಇದ್ರೆ ಬದುಕವ್ನೆ ಅಂತ. ನಾನಿನ್ನು ಆ ಮಾತೇ ಎತ್ತಕಿಲ್ಲ."

ಮಧ್ಯಾಹ್ನ ಒಳಮನೆಯಲ್ಲಿ ಮೂರು ಎಲೆ ಹಾಕಿದರು, ಅಪ್ಪನಿಗೆ, ಅವ್ವನಿಗೆ, ಅಣ್ಣನಿಗೆ. ಮುದ್ದೆ, ಕೋಳಿಸಾರು, ಅನ್ನ, ವಡೆ, ಒಂದು ಕಟ್ಟು ಬೀಡಿ, ಎಲೆಗೊಂದು ಲೋಟ ನೀರು. ಹಿರಿಯರು ಬಂದು ಉಣ್ಣಲಿ ಎಂದು ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಗೆ ಬಂದು ಕುಳಿತರು. ವರ್ಷವೂ ಯಾವುದಾದರೂ ಎಲೆಯಲ್ಲಿ ನಾಲ್ಕು ಅಗುಳು ಚೆದುರಿರುತ್ತಿದ್ದವು. ಇಲಿಯೋ ಹಿರಿಯರೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಇವತ್ತೊಂದು ದಿನ ಇಲಿ ಅಣ್ಣನ ಎಲೆಗೂ ಬಾಯಿ ಹಾಕಲಿ ಎಂದು ಮೇಷ್ಟ್ರು ಮನಸಾರೆ ಬೇಡಿಕೊಂಡ.

ಬಾಗಿಲು ತೆಗೆದಾಗ ಅಪ್ಪನ ಎಲೆಯಲ್ಲಿ ವಡೆ ಮುರಿದಿತ್ತು. ಅವ್ವನ ಅನ್ನ ಚೆದುರಿತ್ತು. ಎರಡೂ ತಣ್ಣಗಾಗಿದ್ದವು. ಅಣ್ಣನ ಎಲೆ ಇಟ್ಟದ್ದು ಇಟ್ಟ ಹಾಗೇ ಇತ್ತು, ಒಂದು ನೊಣವೂ ಕೂತಿರಲಿಲ್ಲ. ಅರ್ಧ ಗಂಟೆ ಕಳೆದಿದ್ದರೂ ಆ ಒಂದು ಎಲೆಯ ಅನ್ನದಿಂದ ಮಾತ್ರ ಹಬೆ ಏಳುತ್ತಿತ್ತು.

"ನೋಡುದ್ರಾ? ಬದುಕವ್ರೆ!" ಪುಟ್ಟಗೌರಮ್ಮ ಹುಡುಗಿಯಂತೆ ಕುಣಿದಳು. ಬಳೆಗಳು ಸದ್ದು ಮಾಡಿದವು. "ಸಾಯಗಂಟ ಕಾಯ್ತೀನಿ ನಾನು."

ಮಾವ ಕೈಮುಗಿದು ಬಾಗಿಲು ಮುಂದಕ್ಕೆಳೆದ. ಆ ಹಬೆ ಯಾಕೆಂದು ಅಲ್ಲಿದ್ದವರಲ್ಲಿ ಗುರುಸಿದ್ದಯ್ಯನೊಬ್ಬನಿಗೇ ಗೊತ್ತಿತ್ತು. ಅಣ್ಣ ಒಳಗೇ ಇದ್ದಾನೆ, ಎಲೆಯ ಮುಂದೆ ಕೂತಿದ್ದಾನೆ, ಬಲ್ಲವನು ಬಾಯಿಬಿಟ್ಟು ಹೇಳುವ ತನಕ ಕೈ ಹಾಕುವ ಹಾಗಿಲ್ಲ. ಭಯಕ್ಕಿಂತ ನಾಚಿಕೆಯೇ ಅವನನ್ನು ಹೆಚ್ಚು ಸುಟ್ಟಿತು.

"ಅತ್ತಿಗೆ," ಎಂದ. "ಅಣ್ಣ ಇಲ್ಲ. ಅವತ್ತು ಬಂದ ಕಾಗದ ಅದೇಯ. ಜ್ವರ ಬಂದು ಸತ್ತೋದ. ನಾನು ಸುಳ್ಳೇಳ್ದೆ."

ಮುಚ್ಚಿದ ಬಾಗಿಲಿನ ಆಚೆ ಎಲೆ ಸರಿದ ಸದ್ದಾಯಿತು. ಆಮೇಲೆ ಯಾರೋ ಗಟಗಟನೆ ನೀರು ಕುಡಿದ ಸದ್ದು.

ಪುಟ್ಟಗೌರಮ್ಮ ಒಬ್ಬಳೇ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಗಂಡನ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಎಲೆ ಬಳಿದಂತೆ ಖಾಲಿಯಾಗಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಮೈದುನನ ಮುಂದೆ ಎಲೆ ಚಾಚಿ ಹಿಡಿದಳು.

"ಒಂದೂವರೆ ವರ್ಸ ನಿಮ್ಮಣ್ಣನ್ನ ಉಪಾಸ ಕೆಡವಿದ್ರಲ್ಲ, ಮೈದ."