ಬೀರುವಿನ ಮೇಲಿನ ಕಟಕಟ

ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ನ ಬಾಯಿಗೆ ಹೆದರದ ಗಿರಾಕಿ ಇರಲಿಲ್ಲ. ಇಂಜಿನ್ನು ಸದ್ದು ಮಾಡುತ್ತದೆಂದು ರೇಡಿಯೊ ಜೋರು ಮಾಡಿಕೊಂಡು ಕಾರು ಓಡಿಸುವವರು ಸಿಕ್ಕಿದರೆ ಮುಗಿಯಿತು. "ಏನ್ ಸಾರ್, ಕೆಮ್ಮು ಬಂದ್ರೆ ಕಿವಿಗೆ ಹತ್ತಿ ಇಟ್ಕೋತೀರಾ?" ಎಂದು ಎಲ್ಲರೆದುರಿಗೇ ಕೇಳಿಬಿಡುತ್ತಿದ್ದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕಿವಿಗೊಟ್ಟು, ಎಲ್ಲಿಯ ಬೋಲ್ಟು ಸಡಿಲವಾಗಿದೆಯೆಂದು ಹೇಳಬಲ್ಲವನು. ಅದೇ ಕಿವಿ ಮನೆಯಲ್ಲಿ ಅವನಿಗೆ ಕಾಟ ಕೊಡುತ್ತಿತ್ತು.

ಮನೆಯ ಸೌಂಡ್ ಸಿಸ್ಟಮ್ಮಿಗೆ ಸಬ್‌ವೂಫರ್, ಅಂದರೆ ತಗ್ಗಿನ ದನಿಯ ಪೆಟ್ಟಿಗೆ, ಒಂದಿತ್ತು. ಆದರೆ ಎದೆಗೆ ಗುದ್ದುವ ಆ ಗುಮ್ಮೆನ್ನುವ ದನಿ ಸೋಫಾದ ಈ ತುದಿಯಲ್ಲಿ ಅವನಿಗೆ ಹೊಟ್ಟೆ ತೊಳಸುವಷ್ಟು ಬಂದರೆ, ಆ ತುದಿಯಲ್ಲಿ ಕೂತ ಹೆಂಡತಿಗೆ ಏನೇನೂ ಇಲ್ಲ. ಹಾಡಿಗೆ ಅವನು ತಲೆದೂಗಿದರೆ ಅವಳು ಆಕಳಿಸುತ್ತಿದ್ದಳು. ಎರಡು ಕಡೆಯೂ ಒಂದೇ ಸಮ ಬರಬೇಕೆಂದರೆ ಇನ್ನೊಂದು ಸಬ್‌ವೂಫರ್ ಬೇಕೇ ಬೇಕು ಎಂದು ಹಟ ಹಿಡಿದು, ಆ ಭಾನುವಾರ ತಂದೇಬಿಟ್ಟ.

ಅದನ್ನೆಲ್ಲಿ ಇಡಬೇಕೆಂದು ತಿಳಿಯಲು ಒಂದು ಉಪಾಯವಿದೆ. ಪೆಟ್ಟಿಗೆಯನ್ನು ನಾವು ಕೂರುವ ಸೋಫಾದ ಮೇಲೆ ಕೂರಿಸಿ, ಹಾಡು ಹಾಕಿ, ನಾವು ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತಾ ಹೋಗಬೇಕು. ದನಿ ಎಲ್ಲಿ ತುಂಬಿ ಬರುತ್ತದೋ ಅದೇ ಪೆಟ್ಟಿಗೆಯ ಜಾಗ. ಮೆಕ್ಯಾನಿಕ್ ಅಂಬೆಗಾಲಿಟ್ಟ. ಹಾಲುಹಲ್ಲು ಬೀಳುತ್ತಿದ್ದ ಮಗಳು ಗುಬ್ಬಿ ಹೋ ಎಂದು ಅವನ ಬೆನ್ನೇರಿದಳು.

"ಪೆಟ್ಟಿಗೆ ಸೋಫಾ ಮೇಲೆ, ಯಜಮಾನ್ರು ನೆಲದ ಮೇಲೆ! ಈ ಕಣ್ಣಲ್ಲಿ ಇನ್ನೂ ಏನೇನ್ ನೋಡ್ಬೇಕೋ" ಎಂದು ಹೆಂಡತಿ ನಕ್ಕಳು.

ಗುಬ್ಬಿಯ ಕೋಣೆಗೆ ಅಂಟಿದ ಗೋಡೆಯ ಮೂಲೆಯಲ್ಲಿ ದನಿ ತುಂಬಿ ಬಂತು. ಪೆಟ್ಟಿಗೆ ಅಲ್ಲಿಗೆ ಹೋಯಿತು.

ಆಮೇಲೆ ಶುರುವಾಯಿತು ನೋಡಿ, ಇಡೀ ಮನೆಯ ಹಲ್ಲು ಕಡಿಯುವ ಸದ್ದು. ಗೋಡೆಯ ಫೋಟೊ, ಕಿಟಕಿಯ ಗಾಜು, ಅಡುಗೆಮನೆಯ ಚಮಚಗಳು, ಎಲ್ಲವೂ ಕಟಕಟ. ಅವನು ಒಂದೊಂದನ್ನೇ ಬೆನ್ನುಹತ್ತಿ, ರಬ್ಬರ್ ಅಂಟಿಸಿ, ಕಾಗದ ಸಿಕ್ಕಿಸಿ ಬಾಯಿ ಮುಚ್ಚಿಸಿದ. ಕೊನೆಗೆ ಒಂದು ಉಳಿಯಿತು. ಅದು ಗುಬ್ಬಿಯ ಕೋಣೆಯಲ್ಲಿ, ಹಾಸಿಗೆಯ ನೇರ ಮೇಲೆ, ಛಾವಣಿಗೆ ಒಂದು ಗೇಣು ಕೆಳಗೆ ಕೂರಿಸಿದ ಫಾಲ್ಸ್ ಸೀಲಿಂಗಿನ ಬೋರ್ಡಿನಲ್ಲಿತ್ತು. ಮಂಚದ ಮೇಲೆ ನಿಂತು ಅಂಗೈಯಿಂದ ಒತ್ತಿದ. ನಿಂತಿತು. ಕೈ ತೆಗೆದ. ಮತ್ತೆ ಕಟಕಟ. ದಿಂಬಿನ ಮೇಲೆ ಚಿಟಿಕೆಯಷ್ಟು ಬಿಳಿ ಪುಡಿ ಉದುರಿತು. ಬಗ್ಗಿ ಉಫ್ ಎಂದು ಊದಿದ.

"ರೀ, ಮೇಲೇನಾಗಿದೆ ಅಂತ ಬಿಚ್ಚಿ ನೋಡಬಾರ್ದಾ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು.

"ಬಿಚ್ಚಿದ್ರೆ ಭಾನುವಾರ ಪೂರ್ತಿ ಇದಕ್ಕೇ ಹೋಗುತ್ತೆ. ಇರೋದೊಂದು ರಜ."

"ನಿಮ್ಮ ಗಿರಾಕಿಗಳಿಗೆ ಏನೋ ಹೇಳ್ತಿದ್ರಲ್ಲ, ಕೆಮ್ಮು, ಹತ್ತಿ..."

"ಮನೆ ಕಾರಲ್ಲ ಕಣೇ. ನೀನೊಬ್ಬಳು!"

ಮಂಚದ ಪಕ್ಕದಲ್ಲಿದ್ದ ಮರದ ಬೀರು ಹೆಚ್ಚುಕಡಿಮೆ ಸೀಲಿಂಗನ್ನೇ ಮುಟ್ಟುತ್ತಿತ್ತು. ಅದರ ನೆತ್ತಿಗೂ ಬೋರ್ಡಿಗೂ ನಡುವಿನ ಸಂದಿಯಲ್ಲಿ ಒಂದು ಹಲಗೆಯ ತುಂಡು ಇಟ್ಟು, ಅದರ ಮೇಲೆ ಹಳೇ ಟ್ಯೂಬಿನ ರಬ್ಬರನ್ನು ಮಡಿಸಿ ತಳ್ಳಿದ. ಬೆಣ್ಣೆಯೊಳಗೆ ಚಾಕು ಹೋದಂತೆ ಸಲೀಸಾಗಿ ಹೋಯಿತು. ಕಟಕಟ ನಿಂತಿತು.

ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಸಿನಿಮಾ ಹಾಕಿದರು. ಕಡಲ ಮೇಲೆ ಬಿರುಗಾಳಿ ಎದ್ದಿತು. ಸೋಫಾದ ಎರಡು ತುದಿಗೂ ಒಂದೇ ಸಮನಾದ ಗುಡುಗು, ಪಾದದಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಹೆಂಡತಿ ಆಕಳಿಸಲಿಲ್ಲ. ಮನೆಯಲ್ಲಿ ಒಂದು ಚಮಚವೂ ಉಸಿರೆತ್ತಲಿಲ್ಲ. ಅವನು ಮೀಸೆಯಲ್ಲೇ ನಕ್ಕ.

ಚಳಿಯೆಂದು ಹೊದಿಕೆ ತರಲು ಎದ್ದುಹೋದ ಗುಬ್ಬಿ ಬರಿಗೈಲಿ ಬಂದಳು. "ಅಪ್ಪಾ, ಬೀರು ಬಾಗಿಲು ತೆಗೆಯೋಕೇ ಆಗ್ತಿಲ್ಲ."

"ಜೋರಾಗಿ ಎಳಿ ಪುಟ್ಟಾ, ಬರುತ್ತೆ."

ಅವಳು ಮರಳಿ ಹೋದಳು. ಅವನ ಕಣ್ಣು ಟಿವಿಯ ಮೇಲೇ ಇತ್ತು, ಬುದ್ಧಿ ಮಾತ್ರ ಅಲ್ಲಿರಲಿಲ್ಲ. ಬೆಳಿಗ್ಗೆ ಒಂದೇ ಬೆರಳಿಗೆ ತೆರೆದಿದ್ದ ಬಾಗಿಲು ಅದು. ಕಾರಿನ ಮೈ ಕುಸಿದರೆ ಮೊದಲು ಕಚ್ಚಿಕೊಳ್ಳುವುದು ಬಾಗಿಲೇ. ಮೇಲಿನಿಂದ ಭಾರ ಬೀಳದೆ ಯಾವ ಬಾಗಿಲೂ ಹಾಗೆ ಕಚ್ಚಿಕೊಳ್ಳುವುದಿಲ್ಲ. ಬೀರುವಿನ ಮೇಲೆ ಇರುವುದು ಹಲಗೆಯ ತುಂಡು, ತಾನು ಬೆರಳಲ್ಲಿ ತಳ್ಳಿದ ರಬ್ಬರ್, ಅಷ್ಟೇ. ಹಾಗಾದರೆ ರಬ್ಬರಿನ ಮೇಲೆ ಏನಿದೆ?

"ಗುಬ್ಬೀ! ಬಿಡು ಅದನ್ನ! ಎಳೀಬೇಡ!"

ಅವಳು ಎರಡೂ ಕೈಯಲ್ಲಿ ಹಿಡಿ ಹಿಡಿದು, ಒಂದು ಕಾಲು ಬೀರುವಿಗೆ ಒತ್ತುಕೊಟ್ಟು ಎಳೆಯುತ್ತಿದ್ದಳು. ಸೊಂಟಕ್ಕೆ ಕೈಹಾಕಿ ಎತ್ತಿ ತಂದು, ಹಿಂದೆಯೇ ಓಡಿಬಂದಿದ್ದ ಹೆಂಡತಿಯ ತೋಳಿಗೆ ಹಾಕಿದ. ಹೊಸ್ತಿಲಲ್ಲೇ ನಿಂತು ಮೊಬೈಲಿನ ಟಾರ್ಚು ಬಿಟ್ಟ.

ರಬ್ಬರು ಕಾಗದದಷ್ಟು ತೆಳ್ಳಗಾಗಿತ್ತು. ಬೋರ್ಡು ತುಂಬಿದ ಮೂಟೆಯಂತೆ ಹೊಟ್ಟೆ ಬಿಟ್ಟಿತ್ತು. ಬಿರಿದ ಅಂಚಿನೊಳಗೆ ಮೇಲ್ಛಾವಣಿಯಿಂದ ಕಳಚಿಬಿದ್ದ ಕಾಂಕ್ರೀಟಿನ ಹೆಂಟೆಗಳು, ಅವುಗಳ ಮೇಲೆ ತುಕ್ಕು ತಿಂದ ಕಂಬಿಗಳು ಬರಿಯ ಪಕ್ಕೆಲುಬಿನಂತೆ. ಹಾಲ್‌ನಲ್ಲಿ ಸಿನಿಮಾದ ಗುಡುಗು ಮೊಳಗಿದಾಗಲೆಲ್ಲ ದಿಂಬಿನ ಮೇಲೆ ಬಿಳಿ ಪುಡಿ ಸುರಿಯುತ್ತಿತ್ತು. ಚೂರೂ ಸದ್ದಿಲ್ಲದೆ.

"ಆಫ್ ಮಾಡು. ಮೊದಲು ಅದನ್ನ ಆಫ್ ಮಾಡು."

ಹೆಂಡತಿ ಓಡಿಹೋಗಿ ಸ್ವಿಚ್ಚು ಆರಿಸಿದಳು. ಮನೆ ಮೌನವಾಯಿತು. ಆ ಮೌನದಲ್ಲಿ ಮೇಲಿನಿಂದ ಕೇಳಿಸಿತು: ಟಕ್... ಟಕ್... ಮೇಲಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಊರುಗೋಲು. ಒಂದು ಟಕ್ಕಿಗೆ ಒಂದು ಚಿಟಿಕೆ ಪುಡಿ.

"ಮಗೂನ ಕರ್ಕೊಂಡು ರಸ್ತೆಗೆ ಹೋಗು. ಗೇಟಿಂದಾಚೆ ನಿಲ್ಲು."

"ನೀವು?"

ಅವನು ಕಣ್ಣಲ್ಲೇ ಮೇಲಕ್ಕೆ ತೋರಿಸಿದ.

ಚಪ್ಪಲಿ ಬಿಟ್ಟು, ಕಳ್ಳ ಬೆಕ್ಕಿನಂತೆ ಮೆಟ್ಟಿಲ ಅಂಚು ಹಿಡಿದು ಹತ್ತಿದ. ಬೆಳಗಿನಿಂದ ಮನೆ ನಡುಗಿಸಲು ಒದ್ದಾಡಿದವನು ಈಗ ಒಂದೇ ಬೆರಳ ತುದಿಯಿಂದ ಬಾಗಿಲು ತಟ್ಟಿದ. ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ: "ಅಜ್ಜೀ, ನಾನು, ಕೆಳಗಿನ ಮನೆಯವನು. ಕೋಣೆ ನಡುವೆ ಕಾಲಿಡಬೇಡಿ, ನೆಲ ಕುಸಿಯೋ ಹಾಗಿದೆ. ಗೋಡೆ ಹಿಡ್ಕೊಂಡು ನಿಧಾನಕ್ಕೆ ಬನ್ನಿ."

"ಏನಪ್ಪಾ?" ಒಳಗಿನಿಂದ ದನಿ ಬಂತು. "ಕಿವಿ ಕೇಳಿಸಲ್ಲ ಕಣಪ್ಪಾ ನಂಗೆ. ಜೋರಾಗಿ ಹೇಳು. ಇರು, ಬಂದೆ."

ಟಕ್... ಟಕ್... ಊರುಗೋಲು ಕೋಣೆಯ ನಡುವಿಗೆ ಹೊರಟಿತು.