ರಾಣಿ ರೂಪಾಯಿಯ ಕಚ್ಚು

ರಾಮನಾಥಪುರದ ಗೋದಾಮಿನಲ್ಲಿ ಹೊಗೆಸೊಪ್ಪನ್ನು ದರ್ಜೆಯಂತೆ ಬೇರ್ಪಡಿಸುವುದು ನನ್ನ ಕೆಲಸ. ಹಳದಿ ಎಲೆ ಮೊದಲನೇ ದರ್ಜೆ, ಕಂದು ಎರಡನೆಯದು. ಕಪ್ಪಾದದ್ದನ್ನು ಎತ್ತಿ ನೋಡುವುದೂ ಇಲ್ಲ, ಕಾಲಿನಲ್ಲೇ ಪಕ್ಕಕ್ಕೆ ತಳ್ಳುತ್ತೇನೆ. ಹದಿನೆಂಟು ವರ್ಷ ಇದನ್ನೇ ಮಾಡಿ ನನ್ನ ಕಣ್ಣಿನ ಮೇಲೆ ನನಗೆ ವಿಪರೀತ ಜಂಬ ಬಂದಿತ್ತು. ಆ ಜಂಬದಲ್ಲೇ ಹಳೇ ಬೆಳ್ಳಿ ರೂಪಾಯಿ ಕೂಡಿಡುವ ಹುಚ್ಚು ಹತ್ತಿಸಿಕೊಂಡೆ.

ಹಾಸನದ ಬಸ್ ಸ್ಟ್ಯಾಂಡಿನ ಹಿಂದೆ ಗುಂಡಯ್ಯ ಹಳೇ ಪಾತ್ರೆ, ಹಳೇ ನಾಣ್ಯ ಕೊಂಡು ಮಾರುತ್ತಿದ್ದ. ನಯಾಪೈಸೆ ಬಂದು ನಾಲ್ಕು ವರ್ಷವಾಗಿತ್ತು. ನನ್ನ ಹತ್ತಿರ ಆಗಲೇ ಒಂಬತ್ತು ಬೆಳ್ಳಿ ರೂಪಾಯಿ ಇದ್ದರೂ, ವಿಕ್ಟೋರಿಯಾ ರಾಣಿಯ ಮುಖವಿರುವ, ಸವೆಯದ, ಹೊಳೆಯುವ ಒಂದಕ್ಕಾಗಿ ಅವನಿಗೆ ಗಂಟುಬಿದ್ದಿದ್ದೆ.

"ಮನೇಲಿ ಕಪ್ಪು ಇಡ್ದಿರೋವು ಇದ್ರೆ ಎರಡು ತಕ್ಕಂಬನ್ನಿ ಸಾ. ಅದಕ್ಕೆ ಒಂದು ಒಸಾದು ಕೊಡ್ತೀನಿ" ಅಂದ.

ಇದ್ದವು. ಅವ್ವನ ಅರಿಸಿನದ ಡಬ್ಬಿಯ ತಳದಲ್ಲಿ ಎರಡು. ಅವಳ ಮದುವೆಯಲ್ಲಿ ಅವಳ ತಾಯಿ ಮಡಿಲಕ್ಕಿಯ ಜೊತೆ ಕಟ್ಟಿದ ರೂಪಾಯಿಗಳು. ಮಡಿಲಿನ ಕಾಸನ್ನು ನಮ್ಮ ಮನೆಯಲ್ಲಿ ತೊಳೆಯುವುದಿಲ್ಲ; ಅರಿಸಿನ, ಎಣ್ಣೆ ಕೂತು ಹಂಚಿನ ತಳದಂತೆ ಕಪ್ಪಗಾಗಿದ್ದವು. ಹೊಳೆನರಸೀಪುರದಲ್ಲಿರುವ ನನ್ನ ಅಕ್ಕ ಅನಸೂಯಳ ಮಗಳು ಪ್ರೇಮಕುಮಾರಿಗೆ ಮದುವೆ ಗೊತ್ತಾಗಿತ್ತು. ಒಂದನ್ನು ಅವಳ ಮಡಿಲಿಗೆ ಹಾಕಬೇಕೆಂದು ಅವ್ವ ದಿನಾ ಹೇಳುತ್ತಿದ್ದಳು. ನನ್ನ ಒಂಬತ್ತರಲ್ಲಿ ಯಾವುದೋ ಒಂದನ್ನು ಕೊಟ್ಟರಾಯಿತು ಅಂದುಕೊಂಡು, ಹೇಳದೆ ಕೇಳದೆ ಎರಡನ್ನೂ ಎತ್ತಿಕೊಂಡು ಹೋಗಿ ಗುಂಡಯ್ಯನ ಕೈಗೆ ಹಾಕಿದೆ. ಅದಕ್ಕೆ ಕಳ್ಳತನ ಅನ್ನುತ್ತಾರೆ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಮುಂದಿನ ಮಂಗಳವಾರ ಬನ್ನಿ ಅಂದ. ಹೋದೆ. ಥಳಥಳ ಹೊಳೆಯುವ ರಾಣಿಯನ್ನು ಕೊಟ್ಟ.

ಬಸ್ಸು ಹತ್ತಿದ ಮೇಲೆ ಶುರುವಾಯಿತು ನೋಡಿ ಕಿರಿಕಿರಿ. ಅರಕಲಗೂಡು ಬರುವಷ್ಟರಲ್ಲಿ ಹತ್ತು ಸಲ ಜೇಬಿನಿಂದ ತೆಗೆದಿದ್ದೆ. ಸವೆಯದ ನಾಣ್ಯವನ್ನು ಓರೆ ಮಾಡಿದರೆ ಬೆಳಕು ಅದರ ಮೇಲೆ ಓಡಾಡಬೇಕು; ಇದರ ಮೇಲೆ ಕೂತಲ್ಲೇ ಕೂತಿತ್ತು. ರಾಣಿಯ ಕೆನ್ನೆ ನುಣ್ಣಗಿತ್ತು, ಆದರೆ ಕಿವಿಯ ಸಂದಿಯಲ್ಲಿ ಏನೋ ಬೆಳ್ಳಗೆ ಮೆತ್ತಿಕೊಂಡಿತ್ತು. ತಲೆಯ ನೇರಕ್ಕೆ ಅಂಚಿನಲ್ಲಿ ಸಣ್ಣದೊಂದು ಕಚ್ಚು ಬೇರೆ. ಆದರೂ ಮೊದಲನೇ ದರ್ಜೆಯೇ ಅಂತ ನನಗೆ ನಾನೇ ಹೇಳಿಕೊಂಡೆ. ನಮ್ಮೂರು ಕೊಣನೂರಲ್ಲಿ ಇಳಿಯುವಾಗ ಮತ್ತೆ ತೆಗೆದು ನೋಡಿದೆ.

ಮನೆಯಲ್ಲಿ ಅವ್ವ ಮೊರದಲ್ಲಿ ಮಡಿಲಕ್ಕಿ ಹಸನು ಮಾಡಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅರಿಸಿನದ ಡಬ್ಬಿ ಬಾಯಿ ತೆರೆದಿತ್ತು.

"ಲೇ ದ್ಯಾವಾ, ಇದ್ರಲ್ಲಿದ್ದ ಕಾಸೆಲ್ಲೋ?"

ನನ್ನ ಒಂಬತ್ತರ ನೆನಪೂ ಆಗಲಿಲ್ಲ. ಗಾಬರಿಯಲ್ಲಿ ಜೇಬಿನಲ್ಲಿದ್ದದ್ದನ್ನೇ ಅವಳ ಅಂಗೈಗಿಟ್ಟೆ. "ಅವು ಕೊಳೆ ಇಡ್ದಿದ್ವು ಕಣವ್ವ. ಇದ್ನ ಆಕು, ಒಸಾದು."

ಅವ್ವನ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ನಾಣ್ಯವನ್ನು ನೋಡಲಿಲ್ಲ, ಹೆಬ್ಬೆರಳಿನ ಉಗುರನ್ನು ಅಂಚಿನ ಸುತ್ತ ಆಡಿಸಿದಳು. ಕಚ್ಚಿನ ಹತ್ತಿರ ಉಗುರು ನಿಂತಿತು. ಮೂಗಿನ ಹತ್ತಿರ ಹಿಡಿದಳು.

"ಉಣಸೇಹಣ್ಣು, ಬೂದಿ ಆಕಿ ಉಜ್ಜವ್ನೆ. ಇದು ನಂದೇ ಕಣ್ಲಾ."

ನಾನು ಬಗ್ಗಿ ಅವಳ ಉಗುರಿನಡಿಯ ಕಚ್ಚನ್ನು ನೋಡಿದೆ.

"ಬೆಳ್ಳಿ ಅವ್ದೋ ಅಲ್ವೋ ಅಂತ ನಮ್ಮಪ್ಪ ಎರಡಕ್ಕೂ ಉಳೀಲಿ ಕಚ್ಚು ಆಕಿದ್ದ. ಇನ್ನೊಂದೆಲ್ಲಿ?"

"ಗುಂಡಯ್ಯನ ಅಂಗ್ಡೀಲಿ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಹೊಳೆಯುವ ರೂಪಾಯಿಯನ್ನು ಅಕ್ಕಿಯ ಮೇಲಿಟ್ಟು ಅರಿಸಿನ ಹಚ್ಚಿದಳು. "ಇದು ಪ್ರೇಮನ ಮಡ್ಲಿಗೆ. ಅದ್ನ ನಾನು ಸತ್ತಾಗ ಅಣೆಗಿಕ್ಕಿ ಅಂತ ಮಡಗಿದ್ದೆ. ನಮ್ಮವ್ವ ಕೊಟ್ಟಿದ್ದು, ನನ್ ಜೊತೇಲೇ ಓಗ್ಲಿ ಅಂತ."

ನಾಚಿಕೆಯಿಂದ ಸತ್ತಂತಾಯಿತು. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹಾಸನಕ್ಕೆ ಹೋದೆ, ನನ್ನ ಒಂಬತ್ತನ್ನೂ ಜೇಬಿಗೆ ಹಾಕಿಕೊಂಡು.

"ನಂದೇ ನಂಗೆ ಮಾರಿದ್ಯಲ್ಲಯ್ಯ!" ಅಂತ ಅಂಗಡಿ ಹಾರಿಹೋಗುವಂತೆ ಕೂಗಿದೆ.

"ಒಳ್ಯೋದೇ ಬೇಕು ಅಂದೋರು ನೀವೇ ತಾನೆ ಸಾ? ತೊಳ್ದು ಕೊಟ್ಟೆ" ಅಂದು ಗುಂಡಯ್ಯ ಚೀಲ ಸುರಿದ. ಐವತ್ತು ಅರವತ್ತು ರೂಪಾಯಿ, ಎಲ್ಲವೂ ಉಜ್ಜಿದವು, ಎಲ್ಲವೂ ಮೊದಲನೇ ದರ್ಜೆ. "ನಿಮ್ದು ಯಾವ ಇಸವೀದು?"

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿದ್ದ ನಾಣ್ಯವನ್ನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಕೂತು ಒಂದೊಂದರ ಅಂಚಿಗೂ ಉಗುರು ಆಡಿಸಿದೆ. ಒಂದರಲ್ಲೂ ಕಚ್ಚು ಸಿಗಲಿಲ್ಲ.

"ಮೊನ್ನೆ ಚನ್ನರಾಯಪಟ್ಟಣದ ಅಕ್ಕಸಾಲಿಗ ಇಪ್ಪತ್ತು ತಕ್ಕಂಡೋದ, ಕರಗ್ಸಕ್ಕೆ. ಅದ್ರಲ್ಲಿ ಓಗಿರ್ಬೇಕು" ಅಂದ.

ಮೂಲೆಯ ತಟ್ಟೆಯಲ್ಲಿ ಇನ್ನೂ ತೊಳೆಯದ ಒಂದು ಕಪ್ಪು ರಾಣಿ ರೂಪಾಯಿ ಬಿದ್ದಿತ್ತು, ಅಕ್ಷರಗಳ ಸಂದಿಯಲ್ಲಿ ಅರಿಸಿನ ಒಣಗಿಕೊಂಡಿತ್ತು. ನನ್ನ ಒಂಬತ್ತನ್ನೂ ಅವನ ಮುಂದಿಟ್ಟು ಅದೊಂದನ್ನು ತಂದೆ.

ಅವ್ವ ಅದನ್ನು ಕೈಗೆ ತೆಗೆದುಕೊಂಡು ಅಂಚಿನ ಸುತ್ತ ಉಗುರು ಆಡಿಸಿದಳು. ಇನ್ನೊಂದು ಸುತ್ತು ಆಡಿಸಿದಳು. ಆಮೇಲೆ ಒಣಗಿದ ಅರಿಸಿನವನ್ನು ಬೆರಳಲ್ಲಿ ಸವರಿ ನನ್ನ ಕೈಗೇ ವಾಪಸು ಇಟ್ಟಳು.

"ಇದು ಯಾರವ್ವಂದೋ ಮಗ. ಕೊಟ್ಬುಟ್ಟು ಬಾ."

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಯಾರಿಗೆ ಅಂತ ಅವಳನ್ನು ಕೇಳುವ ಧೈರ್ಯ ಬರಲಿಲ್ಲ.